ಹದಿಮೂರು ಜನರ ಹನ್ನೊಂದು

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕ್ರಿಕೆಟ್ ಆಡಲು ಆಗುವುದಿಲ್ಲ. ಹಾಗಾಗಿ ನಾವು ತಂಡ ಕಟ್ಟುತ್ತೇವೆ. ಆರಿದ್ರಾ ಮಳೆ ಹಿಡಿಯಿತೆಂದರೆ ತೋಟದ ಕೆಲಸ ಅರ್ಧ ನಿಲ್ಲುತ್ತದೆ, ಕರೆಂಟು ಪೂರ್ತಿ ನಿಲ್ಲುತ್ತದೆ, ಬಾಯಿ ಮಾತ್ರ ನಿಲ್ಲುವುದಿಲ್ಲ. ಭಾರತ ತಂಡ ಇಂಗ್ಲೆಂಡಿಗೆ ಹೊರಡುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಬಾಳ್ಳುಪೇಟೆಯ ಹೋಟೆಲಿನ ಬಾಗಿಲ ಮೂಲೆಗೆ ಒದ್ದೆ ಕೊಡೆ ಒರಗಿಸಿ ಒಳಗೆ ಬಂದವರೆಲ್ಲ ಆಯ್ಕೆ ಸಮಿತಿಯ ಸದಸ್ಯರೇ. ಬ್ಯಾಟ್ಸ್‌ಮನ್‌ಗಳ ವಿಷಯ ಒಂದು ಕಾಫಿ ಕುಡಿಯುವುದರೊಳಗೆ ಇತ್ಯರ್ಥವಾಗುತ್ತದೆ: ರನ್ ಹೊಡೆದವನು ಒಳಗೆ, ಹೊಡೆಯದವನು ಹೊರಗೆ. ಜಗಳ ಹತ್ತಿಕೊಳ್ಳುವುದು ಬೌಲರುಗಳ ಮೇಲೆ. ವೇಗಿಗಳು ಮೂವರೋ ನಾಲ್ವರೋ? ಸ್ಪಿನ್ನರ್ ಒಬ್ಬನೋ ಇಬ್ಬರೋ? ಎಂಟನೆಯವನಿಗೆ ಬ್ಯಾಟು ಹಿಡಿಯಲು ಬರಬೇಕೋ, ವಿಕೆಟ್ ಕಿತ್ತರೆ ಸಾಕೋ? ಇಷ್ಟರಲ್ಲಿ ಎರಡನೇ ಕಾಫಿ ಆರಿ ತಣ್ಣಗಾಗಿರುತ್ತದೆ.

ಈ ವಿದ್ಯೆಯಲ್ಲಿ ನನ್ನ ಗುರು ನಮ್ಮ ಚಿಕ್ಕಪ್ಪ. ಮನೆ ಮುಂದಿನ ಕಾಫಿ ಕಣವೇ ನಮ್ಮ ಮೈದಾನ. ನುಣ್ಣನೆ ಸಿಮೆಂಟು ಹಾಕಿದ ಕಣ. ಟೆನ್ನಿಸ್ ಬಾಲು ನೆಲಕ್ಕೆ ತಾಗಿದ್ದೇ ತಡ, ಸರ್ರನೆ ಎದ್ದು ಗದ್ದಕ್ಕೆ ಬರುತ್ತಿತ್ತು. ವೇಗವಾಗಿ ಹಾಕುವವನು ಪಲ್ಪರ್ ಮನೆಯ ಮೆಟ್ಟಿಲಿನಿಂದ ಓಡಿ ಬರಬೇಕು, ಚೆಂಡು ಬಿಟ್ಟ ಮೇಲೆ ಕಣದ ಕಟ್ಟೆ ಎಡವದಂತೆ ನಿಲ್ಲಬೇಕು. ಕಟ್ಟೆಯಾಚೆ ಇಳಿಜಾರು, ಇಳಿಜಾರಿನಲ್ಲಿ ಅರೇಬಿಕಾ. ಚೆಂಡು ಗಿಡದೊಳಕ್ಕೆ ಹೋದರೆ ಹೊಡೆದವನು ಔಟು, ಹುಡುಕಿ ತರುವವನೂ ಅವನೇ. ಹಣ್ಣು ಕೊಯ್ಲು ಶುರುವಾದರೆ ಕಣ ಕಾಫಿಯ ಪಾಲಾಗುತ್ತಿತ್ತು; ಅಲ್ಲಿಗೆ ನಮ್ಮ ಸೀಸನ್ ಮುಗಿಯಿತು.

ಆ ಕಣದಲ್ಲಿ ಜೀಪ್ ಡ್ರೈವರ್ ಮಗನ ಬೌಲಿಂಗಿಗೆ ಎದುರು ನಿಲ್ಲುವವರೇ ಇರಲಿಲ್ಲ. ಬೇಸಿಗೆಯಲ್ಲಿ ಆಲೂರು ಕಡೆಯವರ ಜೊತೆ ಮ್ಯಾಚು ಗೊತ್ತಾಯಿತು. ಆಡುವುದು ಮಗ್ಗೆ ಹತ್ತಿರದ ಒಂದು ಕೆರೆಯ ಅಂಗಳದಲ್ಲಿ. ನೀರಿಳಿದು ಒಣಗಿದ ನೆಲ, ಬೆರಳು ತೂರುವಷ್ಟು ಬಿರುಕು. ಚಿಕ್ಕಪ್ಪ ಹಿಂದಿನ ದಿನವೇ ಹೋಗಿ, ಚಪ್ಪಲಿ ಬಿಟ್ಟು, ಅಂಗಾಲಿನಲ್ಲಿ ನೆಲ ತುಳಿದು ನೋಡಿ ಬಂದರು. ಮರುದಿನ ತಂಡದಲ್ಲಿ ಡ್ರೈವರ್ ಮಗನ ಹೆಸರಿಲ್ಲ. ಬದಲಿಗೆ ತೋಟದ ರೈಟರ್ ಇದ್ದರು! ನಲವತ್ತು ದಾಟಿದ ಆಸಾಮಿ, ಎರಡು ಹೆಜ್ಜೆ ನಡೆದು ಚೆಂಡನ್ನು ಹೂವಿನ ಹಾಗೆ ಮೇಲಕ್ಕೆ ಬಿಡುವವರು. ಸ್ಕೋರು ಬರೆಯುವವನಾಗಿದ್ದ ನನಗೇ ತಡೆಯಲಿಲ್ಲ. “ಅಲ್ಲ ಚಿಕ್ಕಪ್ಪ, ನಮ್ಮಲ್ಲಿ ಒಳ್ಳೆ ಬೌಲರ್ ಅವನೇ ತಾನೇ?” ಎಂದೆ. “ಅರೇಬಿಕಾ ಒಳ್ಳೇದೋ ರೊಬಸ್ಟಾ ಒಳ್ಳೇದೋ ಅಂತ ಬರೀ ಹಂಗೇ ಕೇಳಿದ್ರೆ ಏನ್ಲಾ ಹೇಳೋದು? ಯಾವ ಜಾಗಕ್ಕೆ ಅಂತ ಮೊದಲು ಹೇಳು” ಎಂದರು. ರೈಟರ್ ಬಿಟ್ಟ ಚೆಂಡು ಬಿರುಕಿಗೆ ಬಿದ್ದು ಎತ್ತೆತ್ತಲೋ ತಿರುಗಿತು. ಗೆದ್ದೆವು. ಡ್ರೈವರ್ ಮಗ ದಿನವಿಡೀ ನೀರಿನ ಕ್ಯಾನು ಹೊತ್ತ.

ಅದೇ ವರ್ಷಗಳಲ್ಲಿ ದೇಶದ ತಂಡದಲ್ಲೂ ಒಬ್ಬರು ನೀರು ಹೊರುತ್ತಿದ್ದರು. ಜಾವಗಲ್ ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಆದರೆ ಹೆಸರಿನ ಮುಂದೆ ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ ಇರುವಾಗ ಅವರನ್ನು ಮೈಸೂರಿಗೆ ಬಿಟ್ಟುಕೊಡಲು ನಾವೇನು ದಾನಶೂರರೇ? ರಣಜಿಗೆ ಕಾಲಿಟ್ಟ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್ ಕಿತ್ತವರು. 1991ರ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಟೋಪಿ ತೊಟ್ಟರು. ನಮ್ಮ ನೆಲದಲ್ಲಿ ಮೊದಲ ಟೆಸ್ಟ್ ಆಡಲು 1994ರ ನವೆಂಬರ್‌ವರೆಗೆ ಕಾಯಬೇಕಾಯಿತು. ನಡುವೆ ಭಾರತದಲ್ಲಿ ನಡೆದ ಏಳು ಟೆಸ್ಟ್‌ಗಳಲ್ಲಿ ಹೊಸ ಚೆಂಡು ಕಪಿಲ್ ದೇವ್ ಮತ್ತು ಪ್ರಭಾಕರ್ ಕೈಯಲ್ಲಿ, ಉಳಿದದ್ದು ಹೆಚ್ಚಾಗಿ ಕುಂಬ್ಳೆ, ರಾಜು, ಚೌಹಾಣ್ ಪಾಲಿಗೆ. ಕಪಿಲ್ ಆಗ ಹ್ಯಾಡ್ಲಿಯ 431 ವಿಕೆಟ್‌ಗಳ ದಾಖಲೆಯ ಬೆನ್ನು ಹತ್ತಿದ್ದರು; 1994ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಅದನ್ನು ದಾಟಿದರು. ದೇಶವೆಲ್ಲ ಚಪ್ಪಾಳೆ ಹೊಡೆದರೆ, ಹೊರಗೆ ಉಳಿದವನ ಹೆಸರು ಹೇಳಿ ನಿಟ್ಟುಸಿರು ಬಿಟ್ಟವರು ನಮ್ಮ ಚಿಕ್ಕಪ್ಪ. ಮಗ್ಗೆಯಲ್ಲಿ ಡ್ರೈವರ್ ಮಗನನ್ನು ಕೂರಿಸಿದವರೂ ಅವರೇ ಎಂದು ನೆನಪಿಸುವ ಧೈರ್ಯ ನನಗಿರಲಿಲ್ಲ.

ಚಿಕ್ಕಪ್ಪನ ಲೆಕ್ಕದ ಪುಸ್ತಕದಲ್ಲಿ ಇಂಥ ಹಳೆಯ ಬಾಕಿಗಳು ಬೇಕಾದಷ್ಟಿದ್ದವು. 1971ರ ಆಗಸ್ಟಿನಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮಲಗಿಸಿದ್ದನ್ನು ಅವರು ರೇಡಿಯೋಗೆ ಕಿವಿಯಿಟ್ಟು ಕೇಳಿದವರು. ಅದೇ ವರ್ಷದ ಮೊದಲಿಗೆ ವೆಸ್ಟ್ ಇಂಡೀಸಿಗೆ ಹೋದ ತಂಡದಲ್ಲಿ ಚಂದ್ರ ಇರಲಿಲ್ಲ, ಪ್ರಸನ್ನ ಇದ್ದರು. ಇಂಗ್ಲೆಂಡಿನಲ್ಲಿ ಚಂದ್ರ ಆಡಿದರು, ಪ್ರಸನ್ನ ಒಂದು ಟೆಸ್ಟೂ ಆಡಲಿಲ್ಲ. ಬೇಡಿ, ವೆಂಕಟರಾಘವನ್ ಇದ್ದ ಮೇಲೆ ನಾಲ್ಕನೆಯವನಿಗೆ ಜಾಗವೆಲ್ಲಿ? ಹೊಸ ಚೆಂಡು ಹಿಡಿಯಲು ಸೋಲ್ಕರ್, ಆಬಿದ್ ಅಲಿ ಇದ್ದರು. ಚೆಂಡಿನ ಹೊಳಪು ಹೋಗಲೆಂದೇ ಅವರಿಗೆ ನಾಲ್ಕು ಓವರು. ಅದೂ ಒಂದು ಬೌಲಿಂಗ್ ದಾಳಿಯೇ ಎಂದು ಇಂದಿನ ಹುಡುಗರು ನಗಬಹುದು. ಸರಣಿ ಗೆದ್ದದ್ದು ಆ ದಾಳಿಯೇ.

ಇಪ್ಪತ್ತೈದು ವರ್ಷ ಕಳೆದು ತಕ್ಕಡಿ ಪೂರ್ತಿ ಮಗುಚಿತು. 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಬಾರ್ಡರ್-ಗವಾಸ್ಕರ್ ಟ್ರೋಫಿಯ ಟೆಸ್ಟ್. ಗಾಯಗೊಂಡ ಶ್ರೀನಾಥ್ ಜಾಗಕ್ಕೆ ಬಂದವರು ಡೇವಿಡ್ ಜಾನ್ಸನ್, ಹುಟ್ಟೂರು ಅರಸೀಕೆರೆ! ಘಟ್ಟದಂಚಿನ ನಮಗೆ ಮಳೆಯನ್ನೆಲ್ಲ ಕೊಟ್ಟ ದೇವರು ವೇಗದ ಬೌಲರುಗಳನ್ನು ತೆಂಗಿನ ಸೀಮೆಗೆ ಕೊಟ್ಟಿದ್ದ. ಎರಡನೇ ಇನ್ನಿಂಗ್ಸಿನಲ್ಲಿ ಸ್ಲೇಟರ್ ಸೊನ್ನೆಗೆ ಔಟಾದರು; ಬೌಲರ್ ಜಾನ್ಸನ್, ಸ್ಲಿಪ್ಪಿನಲ್ಲಿ ಹಾರಿ ಹಿಡಿದದ್ದು ಅಜರುದ್ದೀನ್. ಮರುತಿಂಗಳು ಅಹಮದಾಬಾದಿನಲ್ಲಿ, 170 ರನ್ ಬೆನ್ನಟ್ಟಿದ ದಕ್ಷಿಣ ಆಫ್ರಿಕಾವನ್ನು ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತು 105ಕ್ಕೆ ಮುಗಿಸಿದರು. ನಮ್ಮ ಪಿಚ್ಚಿಗೆ ವೇಗಿ ಬೇಡವೆಂದು ಕೂರಿಸಲಾಗಿತ್ತಲ್ಲ, ಅದೇ ಬೌಲರ್.

ಆ ಡಿಸೆಂಬರ್ 26ಕ್ಕೆ ಡರ್ಬನ್ ಟೆಸ್ಟ್. ಶ್ರೀನಾಥ್, ವೆಂಕಟೇಶ್ ಪ್ರಸಾದ್, ಜಾನ್ಸನ್, ಕುಂಬ್ಳೆ: ಭಾರತದ ನಾಲ್ವರು ಬೌಲರುಗಳೂ ಕರ್ನಾಟಕದವರು. ಅಂಥ ದಿನ ಮತ್ತೆ ಬಂದೀತೇ ಎಂದು ಈಗಲೂ ಯೋಚಿಸುತ್ತೇನೆ. ನಮಗೆ ಕೊಯ್ಲಿನ ಕಾಲ. ಸಂಜೆ ಆಳುಗಳು ಮೂಟೆ ಇಳಿಸುವ ಹೊತ್ತಿಗೇ ಅಲ್ಲಿ ಆಟ ರಂಗೇರುತ್ತಿತ್ತು. ಚಿಕ್ಕಪ್ಪ ಒಂದು ಕಣ್ಣು ತೂಕದ ಮುಳ್ಳಿನ ಮೇಲೆ, ಒಂದು ಕಿವಿ ಒಳಮನೆಯ ಟೀವಿಯ ಮೇಲೆ ಇಟ್ಟು ಹಣ್ಣು ತೂಗಿಸುತ್ತಿದ್ದರು. ಪ್ರಸಾದ್ ಎರಡೂ ಇನ್ನಿಂಗ್ಸಿನಲ್ಲಿ ಐದೈದು ವಿಕೆಟ್ ಕಿತ್ತರು. ಬ್ಯಾಟಿಂಗ್ ಮಾಡಿದ ಮಹಾಶಯರು 100ಕ್ಕೆ ಒಂದು ಸಲ, 66ಕ್ಕೆ ಇನ್ನೊಂದು ಸಲ ಮಲಗಿದರು. ಕೊನೆಗೆ ಔಟಾಗದೆ 27 ಉಳಿಸಿಕೊಂಡ ದ್ರಾವಿಡ್ ಕೂಡ ನಮ್ಮವರೇ ಎಂಬುದೊಂದು ಸಮಾಧಾನ. ಮೂರೇ ದಿನಕ್ಕೆ ಪಂದ್ಯ ಮುಗಿಯಿತು. ಮುಂದಿನ ಕೇಪ್‌ಟೌನ್ ಟೆಸ್ಟಿಗೆ ಜಾನ್ಸನ್ ಹೊರಗೆ, ದೊಡ್ಡ ಗಣೇಶ್ ಒಳಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎರಡು ಟೆಸ್ಟ್, ಮೂರು ವಿಕೆಟ್. ಜಾನ್ಸನ್ ಮತ್ತೆ ಭಾರತಕ್ಕೆ ಆಡಲಿಲ್ಲ. 2024ರ ಜೂನಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಹೋಟೆಲಿನಲ್ಲಿ ನೆನಪಾದದ್ದು ಆ ಮೂರು ವಿಕೆಟ್ಟಲ್ಲ, ಡರ್ಬನ್ನಿನ 66.

2025ರ ಮಳೆಗಾಲದ ಜಗಳ ಕುಲದೀಪ್ ಯಾದವ್ ಬಗ್ಗೆ. ಐದು ಟೆಸ್ಟಿನ ಇಂಗ್ಲೆಂಡ್ ಸರಣಿಯಲ್ಲಿ ಬುಮ್ರಾ ಮೂರನ್ನಷ್ಟೇ ಆಡುತ್ತಾರೆಂದು ಮೊದಲೇ ಗೊತ್ತಿತ್ತು. ಹಾಗಿದ್ದ ಮೇಲೆ ವಿಕೆಟ್ ಕೀಳುವ ಸ್ಪಿನ್ನರನ್ನಾದರೂ ಆಡಿಸಿ ಎಂದು ಒಂದು ಬಣ. ಕೆಳಗಿನವರು ಐವತ್ತು ರನ್ ಸೇರಿಸಿದರೆ ಅದೂ ವಿಕೆಟ್ಟಿಗೆ ಸಮ ಎಂದು ಇನ್ನೊಂದು ಬಣ. ಕುಲದೀಪ್ ಐದೂ ಟೆಸ್ಟ್ ಹೊರಗೇ ಕೂತರು. ಆಶ್ಲೇಷಾ ಮಳೆ ಆಗಷ್ಟೇ ಶುರುವಾಗಿದ್ದ ಆಗಸ್ಟ್ 4ರಂದು, ಬುಮ್ರಾ ಇಲ್ಲದ ಓವಲ್‌ನಲ್ಲಿ, ಸಿರಾಜ್ ಮತ್ತು ನಮ್ಮ ಪ್ರಸಿದ್ಧ ಕೃಷ್ಣ ಇಂಗ್ಲೆಂಡನ್ನು 367ಕ್ಕೆ ಕಟ್ಟಿಹಾಕಿದರು. ಆರು ರನ್ನಿನ ಗೆಲುವು, ಸರಣಿ 2-2. ಎರಡೂ ಬಣದವರು “ನಾನು ಹೇಳಲಿಲ್ವಾ?” ಎಂದರು. ಅದು ಈ ಆಟದ ದೊಡ್ಡ ಗುಣ. ಫಲಿತಾಂಶ ಏನೇ ಬರಲಿ, ಯಾರ ವಾದವೂ ಸೋಲುವುದಿಲ್ಲ.

ನೆಲ ನೋಡದೆ ಬೌಲರನ್ನು ತೂಗಬಾರದು ಎಂಬ ಚಿಕ್ಕಪ್ಪನ ಮಾತನ್ನು ನಾನು ಒಪ್ಪುತ್ತೇನೆ. ಆದರೆ ನೆಲಕ್ಕೆ ನ್ಯಾಯ ಮಾಡಲು ಹೊರಟಾಗೆಲ್ಲ ಯಾರೋ ಒಬ್ಬನಿಗೆ ಅನ್ಯಾಯವಾಗಿಯೇ ಆಗುತ್ತದೆ. ಆಯ್ಕೆಗಾರರಿಗೆ ಕೊಡುವ ಸಂಬಳ ಸೇರಿಸುವುದಕ್ಕಲ್ಲ, ಬಿಡುವುದಕ್ಕೆ. ನಮಗೆ ಸಂಬಳವಿಲ್ಲ. ಅದಕ್ಕೇ ಬಾಳ್ಳುಪೇಟೆಯಲ್ಲಿ ಕಟ್ಟಿದ ತಂಡದಲ್ಲಿ ಎಣಿಸಿದಾಗಲೆಲ್ಲ ಹದಿಮೂರು ಜನ ಇರುತ್ತಾರೆ. ಇಬ್ಬರನ್ನು ಕಡಿಮೆ ಮಾಡಿ ಎಂದು ಹೊಸದಾಗಿ ಬಂದ ಹುಡುಗರು ಹೇಳುತ್ತಾರೆ. ಯಾರನ್ನು ಎಂದು ಕೇಳಿದರೆ ಅವರ ಬಾಯಿಂದಲೂ ಹೆಸರು ಹೊರಡುವುದಿಲ್ಲ.