ಇಪ್ಪತ್ತೆರಡನೆಯ ಬಾಗಿಲು

ರಾತ್ರಿ ಹತ್ತು ದಾಟಿದ ಮೇಲೆ ಚೌಬಾರಾದ ಸುತ್ತಲಿನ ಅಂಗಡಿಗಳ ಶಟರುಗಳು ಒಂದೊಂದಾಗಿ ಇಳಿಯುತ್ತವೆ. ಬೀದರಿನ ಹಳೇ ಊರಿನಲ್ಲಿ ಆ ಸದ್ದು ನಿಂತ ಮೇಲೆಯೇ ನನ್ನ ಪ್ರೀತಿಯ ಹೊತ್ತು ಶುರುವಾಗುವುದು. ಊಟ ಮುಗಿದಿರುತ್ತದೆ, ಮೇಜಿನ ಮೇಲೆ ಅರ್ಧ ಕಪ್ಪು ಚಹಾ ಇರುತ್ತದೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಒತ್ತುತ್ತೇನೆ. ಒಂದು ಉಸಿರಿನಷ್ಟು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಎಡ ಅಂಚಿನಲ್ಲಿ ಔರಾದ ಎಂದು ನಾನೇ ಇಟ್ಟ ಹೆಸರು ಮೂಡಿ, ಅದರ ಮುಂದೆ ಕರ್ಸರ್ ಮಿನುಗತೊಡಗುತ್ತದೆ. ಕೂತಿರುವುದು ಬೀದರಿನಲ್ಲಿ, ಕೈ ಆಡುತ್ತಿರುವುದು 40 ಚಿಲ್ಲರೆ ಕಿಲೋಮೀಟರ್ ಆಚೆ, ಕಾಕಾನ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳ ಮೇಲಿನ ಗೂಡಿನಲ್ಲಿಟ್ಟ ಅಂಗೈಯಗಲದ ಕಂಪ್ಯೂಟರಿನ ಮೇಲೆ. ಎಷ್ಟು ಸಲ ಕಂಡರೂ ಈ ಗಳಿಗೆ ನನಗೆ ಹಳತಾಗಿಲ್ಲ.

ಆ ಪೆಟ್ಟಿಗೆಯಲ್ಲಿ ಹಾಡುಗಳಿವೆ. ನಮ್ಮವ್ವ, ಕಾಕಿ, ಓಣಿಯ ಹಿರಿಯ ಹೆಣ್ಣುಮಕ್ಕಳು ಹಾಡಿದ ಬೀಸುವ ಪದ, ಸೋಬಾನ ಪದ, ತೊಟ್ಟಿಲ ಪದ. ಮೊಬೈಲು ಹಿಡಿದು ಒಂದೊಂದಾಗಿ ಧ್ವನಿಮುದ್ರಿಸಿಕೊಂಡಿದ್ದು. ಹಾಡಿದವರಲ್ಲಿ ಕೆಲವರು ಈಗಿಲ್ಲ. ಅದಕ್ಕೇ ಒಂದೇ ಕಡೆ ಇಡಲು ಧೈರ್ಯ ಸಾಲಲಿಲ್ಲ. ಒಂದು ಪ್ರತಿ ನನ್ನ ಹತ್ತಿರ, ಒಂದು ಭಾಲ್ಕಿಯಲ್ಲಿ ಅಕ್ಕನ ಮನೆಯಲ್ಲಿ, ಒಂದು ಔರಾದಿನಲ್ಲಿ. ಒಂದು ಕಡೆ ಹೊಸ ಹಾಡು ಸೇರಿದರೆ ಅದು ರಾತ್ರಿಯೊಳಗೆ ಉಳಿದೆರಡು ಕಡೆಗೂ ಹೋಗಬೇಕು. ಹೋಗುವ ದಾರಿಯಲ್ಲಿ ಯಾರೂ ಕೈಯಾಡಿಸಬಾರದು. ಇಷ್ಟಕ್ಕಾಗಿ ನಾನು ಕಲಿತ ಕಸುಬು ಎಸ್‌ಎಸ್‌ಎಚ್ ಸರ್ವರ್ ಹೂಡುವುದು, ಅಂದರೆ ದೂರದ ಕಂಪ್ಯೂಟರಿಗೆ ಭದ್ರವಾದ ಒಂದು ಬಾಗಿಲು ಕೂಡಿಸುವುದು. ಕಲಿತದ್ದು ಹಾಡಿಗಾಗಿ. ಈಗ ಬಾಗಿಲು ಕೂಡಿಸುವುದೇ ಒಂದು ಹಾಡಿನ ಹಾಗೆ ಹಿಡಿದುಕೊಂಡಿದೆ.

ಈ ಬಾಗಿಲಿಗೊಂದು ಸಂಖ್ಯೆಯಿದೆ, 22. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು, ಹಾದುಹೋಗುವ ಪಾಸ್‌ವರ್ಡುಗಳನ್ನು ಕೂಡಿಹಾಕುತ್ತಿದ್ದುದು ಬಯಲಾಯಿತು. ಆಗ ದೂರದ ಯಂತ್ರಕ್ಕೆ ಹೋಗಲು ಎಲ್ಲರೂ ಬಳಸುತ್ತಿದ್ದುದು ಟೆಲ್ನೆಟ್. ಅದರಲ್ಲಿ ಪಾಸ್‌ವರ್ಡು ಅಂಚೆ ಕಾರ್ಡಿನ ಮೇಲೆ ಬರೆದಂತೆ ತೆರೆದುಕೊಂಡೇ ಹೋಗುತ್ತಿತ್ತು. ಅಲ್ಲಿದ್ದ ತಾತು ಉಲೋನೆನ್ ಇದಕ್ಕೆ ಬದಲಾಗಿ ಎಸ್‌ಎಸ್‌ಎಚ್ ಬರೆದರು. ಫೈಲು ಸಾಗಿಸುವ ಎಫ್‌ಟಿಪಿಯದು 21, ಟೆಲ್ನೆಟ್ಟಿನದು 23, ನಡುವಿನ 22 ಖಾಲಿ ಇತ್ತು. ಸಂಖ್ಯೆ ಹಂಚುವವರಿಗೆ ಉಲೋನೆನ್ ಒಂದು ಇಮೇಲ್ ಬರೆದರು, ಮರುದಿನವೇ ಕೊಟ್ಟರು. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗದವರು ಎಲ್ಲರೂ ಉಚಿತವಾಗಿ ಬಳಸಬಹುದಾದ ಓಪನ್ ಎಸ್‌ಎಸ್‌ಎಚ್ ತಂದರು. ಕಾಕಾನ ಮನೆಯ ಗೂಡಿನಲ್ಲಿ ಓಡುತ್ತಿರುವುದು ಅದೇ.

ಕೆಲವರು ಕಳ್ಳರ ಕಣ್ಣು ತಪ್ಪಿಸಲು 22 ಬಿಟ್ಟು ಬೇರೆ ಸಂಖ್ಯೆಗೆ ಬಾಗಿಲು ಸರಿಸುತ್ತಾರೆ. ತಟ್ಟುವ ಸದ್ದು ಕಡಿಮೆಯಾಗುತ್ತದೆ, ನಿಜ. ಆದರೆ ಕೀಲಿ ಗಟ್ಟಿಯಿದ್ದರೆ ಬಾಗಿಲು ಬೀದಿಗೆ ಕಂಡರೇನು? ನಾನು 22ರಲ್ಲೇ ಇಟ್ಟಿದ್ದೇನೆ.

ತಟ್ಟುವವರಂತೂ ಇದ್ದೇ ಇದ್ದಾರೆ. ನಮ್ಮ ಮನೆಗಳ ಇಂಟರ್ನೆಟ್ಟಿಗೆ ಹೊರಗಿನವರು ಹುಡುಕಿ ಬರುವಂಥ ಸ್ವಂತ ವಿಳಾಸವಿಲ್ಲ, ಒಂದೇ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ. ಹಾಗಾಗಿ ಮುಂಬೈಯಲ್ಲಿ ಒಂದು ಪುಟ್ಟ ಸರ್ವರನ್ನು ಬಾಡಿಗೆಗೆ ಹಿಡಿದಿದ್ದೇನೆ. ಔರಾದಿನ ಪೆಟ್ಟಿಗೆ ತಾನಾಗಿ ಅಲ್ಲಿಗೆ ಹೋಗಿ ಕೂತು ಒಂದು ಸುರಂಗ ತೆರೆದಿಡುತ್ತದೆ, ನಾನು ಬೀದರಿನಿಂದ ಅಲ್ಲಿಗೆ ಹೋಗಿ ಆ ಸುರಂಗದಲ್ಲಿ ಔರಾದಿಗೆ ಇಳಿಯುತ್ತೇನೆ. ಈ ಸುರಂಗ ಎಂಬ ಮಾತು ಬಂದಾಗೆಲ್ಲ ನನಗೆ ನೌಬಾದಿನ ಕರೇಜ್ ನೆನಪಾಗುತ್ತದೆ. ಬಹಮನಿಗಳ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು ಮಾಡಿದ ಆ ಕಾಲುವೆಯ ನೀರು ನೆಲದಡಿಯಲ್ಲೇ ಹರಿದು ಬರುತ್ತದೆ, ಮೇಲೆ ನಡೆಯುವವನಿಗೆ ಅಲ್ಲಲ್ಲಿ ಬಾವಿಯಂಥ ಕಿಂಡಿಗಳಷ್ಟೇ ಕಾಣುತ್ತವೆ. ಮುಂಬೈಯ ಸರ್ವರ್ ಅಂಥದೊಂದು ಕಿಂಡಿ. ಅದನ್ನು ಜಾಲಕ್ಕೆ ಜೋಡಿಸಿದ ದಿನ ಕಾಲು ಗಂಟೆಯೊಳಗೆ ತಟ್ಟು ಶುರುವಾಯಿತು. ರೂಟ್, ಆಡ್ಮಿನ್, ಟೆಸ್ಟ್, ಒರಾಕಲ್ ಎಂದು ಹೆಸರು ಬದಲಿಸುತ್ತ ಎಲ್ಲೆಲ್ಲಿಯದೋ ಯಂತ್ರಗಳು ಪಾಸ್‌ವರ್ಡು ಊಹಿಸುತ್ತಿದ್ದವು. ಲಾಗ್ ಫೈಲಿನಲ್ಲಿ ಸಾಲುಗಳು ಏರುತ್ತಲೇ ಇದ್ದವು. ಆ ರಾತ್ರಿ ಸೆಟ್ಟಿಂಗ್ ಫೈಲು ತೆರೆದು ಮೊದಲ ಸಲ ಪೂರ್ತಿ ಓದಿದೆ.

ಆ ಫೈಲನ್ನು ಓದುವುದೇ ಒಂದು ಸುಖ. ನೂರಿಪ್ಪತ್ತು ಸಾಲಿನಷ್ಟಿರಬಹುದು, ಬಹುಪಾಲು ಸಾಲುಗಳ ಮುಂದೆ ಹ್ಯಾಶ್ ಗುರುತು. ಅವು ಮಲಗಿರುವ ಸಾಲುಗಳು, ‘ನೀನು ಏನೂ ಹೇಳದಿದ್ದರೆ ನಾನು ಹೀಗೆ ನಡೆದುಕೊಳ್ಳುತ್ತೇನೆ’ ಎಂದು ಸರ್ವರ್ ಮೊದಲೇ ತಿಳಿಸಿಟ್ಟದ್ದು. ಹ್ಯಾಶ್ ಅಳಿಸಿದರೆ ಸಾಲು ಏಳುತ್ತದೆ. ಮೊದಲು ರೂಟ್ ಲಾಗಿನ್‌ಗೆ ‘ನೋ’. ಎಲ್ಲ ಅಧಿಕಾರವೂ ಇರುವ ಹೆಸರು ಹೊರಬಾಗಿಲಿನಿಂದ ಬರುವುದೇ ಬೇಡ. ಆಮೇಲೆ ಒಳಬರಬಹುದಾದವರ ಹೆಸರು, ನನ್ನದೊಂದು, ಅಕ್ಕನ ಮಗನದೊಂದು. ಬಾಗಿಲಲ್ಲಿ ನಿಂತು ಗುರುತು ಹೇಳಲು ಮೊದಲಿದ್ದ ಅವಕಾಶ 120 ಸೆಕೆಂಡ್, ಅದನ್ನು 20ಕ್ಕೆ ಇಳಿಸಿದೆ. ಕೊನೆಗೆ ಎಲ್ಲಕ್ಕಿಂತ ದೊಡ್ಡದು, ಪಾಸ್‌ವರ್ಡಿಗೂ ‘ನೋ’. ಇನ್ನು ಊಹಿಸುವುದಕ್ಕೆ ಏನೂ ಉಳಿಯಲಿಲ್ಲ. ರಾತ್ರಿಯಿಡೀ ತಟ್ಟಿದರೂ ಅಲ್ಲಿ ಪಾಸ್‌ವರ್ಡು ಕೇಳುವವರೇ ಇಲ್ಲ.

ಪಾಸ್‌ವರ್ಡಿನ ಬದಲು ಕೀಲಿ ಜೋಡಿ. ಒಂದು ಕೀಲಿ ನನ್ನ ಲ್ಯಾಪ್‌ಟಾಪ್ ಬಿಟ್ಟು ಎಂದೂ ಕದಲುವುದಿಲ್ಲ. ಇನ್ನೊಂದನ್ನು ಬೇಕಾದರೆ ಗೋಡೆಯ ಮೇಲೆ ಬರೆದರೂ ನಡೆಯುತ್ತದೆ. ಹಳೆಯ ಆರ್‌ಎಸ್‌ಎ ಬಗೆಯಲ್ಲಿ ಈ ತೆರೆದ ಕೀಲಿ, ದೊಡ್ಡ ಅಳತೆಯದಾದರೆ, ಏಳುನೂರು ಅಕ್ಷರ ದಾಟಿ ಹೋಗುತ್ತಿತ್ತು. 2014ರಿಂದ ಓಪನ್ ಎಸ್‌ಎಸ್‌ಎಚ್‌ನಲ್ಲಿರುವ ಇಡಿ25519 ಬಗೆಯದು ಹೆಸರೂ ಸೇರಿ 80 ಅಕ್ಷರ. ಒಂದೇ ಸಾಲು. ಎರಡರ 255ನೆಯ ಘಾತದಲ್ಲಿ 19 ಕಳೆದರೆ ಬರುವ ಒಂದು ಅವಿಭಾಜ್ಯ ಸಂಖ್ಯೆಯ ಮೇಲೆ ಕಟ್ಟಿದ ಗಣಿತ ಅದು, ಹೆಸರಿನ ಅಂಕಿ ಬಂದದ್ದೂ ಅಲ್ಲಿಂದಲೇ. ನಾನು ಬಂದಾಗ ನನ್ನ ಲ್ಯಾಪ್‌ಟಾಪು ಗುಟ್ಟಿನ ಕೀಲಿಯನ್ನು ತೋರಿಸದೆ ಅದರಿಂದ ಒಂದು ಸಹಿ ಮಾಡಿಕೊಡುತ್ತದೆ. ಆ ಸಹಿ ನಿಜವೇ ಎಂದು ತೆರೆದ ಕೀಲಿ ಹಿಡಿದು ಸರ್ವರ್ ತಾಳೆ ನೋಡುತ್ತದೆ. ಅದಕ್ಕೂ ಮೊದಲು ಎರಡೂ ಯಂತ್ರಗಳು ಸಂತೆಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಮಾತಾಡಿಯೇ, ತಮ್ಮಿಬ್ಬರಿಗಷ್ಟೇ ಗೊತ್ತಿರುವ ಒಂದು ಗುಟ್ಟಿಗೆ ಬಂದಿರುತ್ತವೆ. ಆಮೇಲಿನ ಮಾತೆಲ್ಲ ಆ ಗುಟ್ಟಿನ ಹೊದಿಕೆಯೊಳಗೆ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಇದು ಸಾಧ್ಯವೆಂದು ತೋರಿಸಿದ ವಿಷಯ ಮೊದಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಭದ್ರತೆಯ ಮಾತು ಬಂದರೆ ಬೀದರಿನವರಿಗೆ ಕೋಟೆ ನೆನಪಾಗುವುದು ಸಹಜ. ಕಲ್ಲಿನಲ್ಲಿ ಕಡಿದ ಮೂರು ಸಾಲಿನ ಕಂದಕ, ಶರ್ಜಾ ದರವಾಜಾ, ಗುಂಬದ್ ದರವಾಜಾ. ಆದರೆ ಕೋಟೆ ಕಟ್ಟಿದ್ದು ಬರುವವರನ್ನು ತಡೆಯಲು. ನಾನು ಈ ಬಾಗಿಲು ಕೂಡಿಸುವುದು ನಮ್ಮವರು ಬರಲಿ ಎಂದು. ನನಗೆ ಹತ್ತಿರವೆನಿಸುವುದು ಭಾಲ್ಕಿಯ ಒಂದು ಸಂಗತಿ. ನಿಜಾಮರ ಆಳ್ವಿಕೆಯಲ್ಲಿ ಉರ್ದು ರಾಜ್ಯಭಾಷೆಯಾಗಿ, ಕನ್ನಡ ಕಲಿಯುವುದು ಕಷ್ಟವಾಗಿದ್ದಾಗ ಹಿರೇಮಠ ಸಂಸ್ಥಾನದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹೊರಗಿನಿಂದ ನೋಡಿದವರಿಗೆ ಒಂದು ಕಾಣುತ್ತದೆ, ಒಳಗೆ ಹೋದವರಿಗೆ ಇನ್ನೊಂದು ಕೇಳುತ್ತದೆ. ಮುಂಬೈಗೂ ಔರಾದಿಗೂ ನಡುವೆ ಯಾರಾದರೂ ಕಿವಿಗೊಟ್ಟರೆ ಅರ್ಥವಿಲ್ಲದ ಅಕ್ಷರಗಳ ಸುರಿಮಳೆ. ಒಳಗೆ ನಮ್ಮ ಕಾಕಿ ಬೀಸುವ ಪದ ಹಾಡುತ್ತಿದ್ದಾಳೆ. ನಮ್ಮ ಕಡೆಯ ಕನ್ನಡ ಇಂಥ ಹೊದಿಕೆಯೊಳಗೆ ಉಳಿದುಕೊಂಡು ಬಂದದ್ದು ಇದೇ ಮೊದಲ ಸಲವಲ್ಲ ಎಂದುಕೊಂಡಾಗ ಎದೆ ತುಂಬುತ್ತದೆ.

ಈ ಕಸುಬಿನಲ್ಲಿ ಒಂದು ಸಲ ದೊಡ್ಡ ತಪ್ಪು ಮಾಡಿದೆ. ಮಳೆಗಾಲದ ಒಂದು ರಾತ್ರಿ ಔರಾದಿನ ಪೆಟ್ಟಿಗೆಯಲ್ಲಿ ಪಾಸ್‌ವರ್ಡು ನಿಲ್ಲಿಸಿ, ಸರ್ವರನ್ನು ಮರುಚಾಲೂ ಮಾಡಿ ಹೊರಬಂದೆ. ಕೀಲಿ ಕೆಲಸ ಮಾಡುತ್ತದೆಯೇ ಎಂದು ಮೊದಲೇ ನೋಡಿಕೊಂಡಿರಲಿಲ್ಲ. ಮತ್ತೆ ಹೋಗಲು ನೋಡಿದರೆ ‘ಪರ್ಮಿಶನ್ ಡಿನೈಡ್’. ಹತ್ತು ಸಲ ನೋಡಿದರೂ ಅದೇ ಉತ್ತರ. ಬೆಳಿಗ್ಗೆ ಔರಾದಿನ ಬಸ್ಸು ಹಿಡಿದೆ. ಬೀದರಿನ ಕೆಂಪು ಜಂಬಿಟ್ಟಿಗೆಯ ದಿಬ್ಬ ಇಳಿದು ಜನವಾಡ ದಾಟಿದರೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಮಾಂಜ್ರಾ ತುಂಬಿ ಹರಿಯುತ್ತಿತ್ತು. ಸಂತಪುರದ ಕಡೆಗೆ ಕರಿಮಣ್ಣಿನಲ್ಲಿ ಸೋಯಾ ಮೊಣಕಾಲೆತ್ತರ ನಿಂತಿತ್ತು. ರಾತ್ರಿ ಎಂಟರ್ ಒತ್ತಿದಾಗ ಇಷ್ಟೆಲ್ಲವನ್ನೂ ದಾಟುತ್ತೇನಲ್ಲಾ ಎಂದು ಅವತ್ತು ಕಿಟಕಿಯಲ್ಲಿ ಕೂತು ಯೋಚಿಸಿದೆ.

‘ಏನ್ ತಮ್ಮಾ, ಫೋನ್ ಮಾಡ್ದೇನೇ ಬಂದಿ? ಎಲ್ಲಾರೂ ಆರಾಮ್ ಅದಾರಿಲ್ಲ?’ ಅಂದರು ಕಾಕಾ.

‘ಎಲ್ಲಾರೂ ಆರಾಮ್ ಅದಾರ ಕಾಕಾ. ಪೆಟ್ಟಿಗಿ ನನಗ ಒಳಗ ಬಿಡವಲ್ದು.’

‘ಮನಿ ಬಾಗಿಲಾ ತೆರದೇ ಅದಾ. ಮೊದಲ ಕೈಕಾಲ್ ತೊಕ್ಕೊಂಡು ಊಟಾ ಮಾಡು.’

ರೊಟ್ಟಿ, ಪುಂಡಿಪಲ್ಯ ಊಟವಾದ ಮೇಲೆ ಪೆಟ್ಟಿಗೆಗೆ ಕೀಲಿಮಣೆ ಜೋಡಿಸಿ ಕೂತೆ. ಕೀಲಿಯಲ್ಲಿ ದೋಷವಿರಲಿಲ್ಲ. ಆ ಪೆಟ್ಟಿಗೆಯೊಳಗಿನ ನನ್ನ ಫೋಲ್ಡರಿನಲ್ಲಿ ಬೇರೆಯವರೂ ಬರೆಯಬಹುದೆಂದು ನಾನೇ ಯಾವಾಗಲೋ ಅನುಮತಿ ಕೊಟ್ಟಿದ್ದೆ. ಹಾಗಿದ್ದರೆ ಯಾರು ಬೇಕಾದರೂ ತಮ್ಮ ಕೀಲಿಯನ್ನು ಅಲ್ಲಿ ಸೇರಿಸಬಹುದಲ್ಲ? ಸರ್ವರ್ ಅದನ್ನು ಕಂಡು ಆ ಫೋಲ್ಡರಿನ ಕೀಲಿಗಳನ್ನು ನಂಬಲು ಒಪ್ಪಿರಲಿಲ್ಲ. ತಪ್ಪು ನನ್ನದು, ಎಚ್ಚರ ಅದರದು. ಫೋಲ್ಡರಿಗೆ 700, ಕೀಲಿಯ ಫೈಲಿಗೆ 600 ಎಂದು ಅನುಮತಿ ಸರಿಮಾಡಿದೆ. ಅವತ್ತಿನಿಂದ ಒಂದು ವ್ರತ ಪಾಲಿಸುತ್ತಿದ್ದೇನೆ. ಸಾಲು ತಿದ್ದಿದ ಮೇಲೆ ಬರೆದದ್ದು ಸರಿಯಿದೆಯೇ ಎಂದು ಸರ್ವರಿಗೇ ಒಮ್ಮೆ ಓದಿಸುವುದು. ಮರುಚಾಲೂ ಮಾಡಿದ ಮೇಲೂ ಹಳೆಯ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಒಳಗೆ ಹೋಗಿ ಬಂದ ನಂತರವೇ ಮೊದಲಿನದನ್ನು ಬಿಡುವುದು.

ಇದರಲ್ಲಿ ಕೈ ಪಳಗಿದಷ್ಟೂ ಕಿವಿಯೂ ಪಳಗುತ್ತದೆ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರಿಗೆ ತನ್ನ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವರು ಬೆನ್ನುಹತ್ತಿ ಹೋದರು. ಎಕ್ಸ್‌ಜೆಡ್ ಎಂಬ, ಫೈಲು ಕುಗ್ಗಿಸುವ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಯಾರೋ ಕಳ್ಳಬಾಗಿಲು ಹುದುಗಿಸಿಟ್ಟಿದ್ದು ಸಿಕ್ಕಿತು. ಜಗತ್ತಿನ ಅಸಂಖ್ಯ ಸರ್ವರುಗಳಿಗೆ ಅದು ಹರಡುವ ಮೊದಲೇ ತಡೆಯಲಾಯಿತು. ಆ ಸುದ್ದಿ ಓದಿದಾಗ ನನಗೆ ನೆನಪಾದವರು ನಮ್ಮೂರ ಬಿದ್ರಿ ಕುಶಲಕರ್ಮಿಗಳು. ಬೆಳ್ಳಿ ತಂತಿ ಕೂಡಿಸಿದ ಪಾತ್ರೆ ಕೊನೆಗೆ ಕಪ್ಪಾಗಬೇಕಾದರೆ ಕೋಟೆಯೊಳಗಿನ ಹಳೆಯ ಮಣ್ಣು ಬೇಕು, ಎಲ್ಲ ಮಣ್ಣೂ ಆಗುವುದಿಲ್ಲ. ಸರಿಯಾದ ಮಣ್ಣೇ ಎಂದು ಹಿರಿಯರು ನಾಲಿಗೆಯ ಮೇಲಿಟ್ಟು ನೋಡಿ ಹೇಳುತ್ತಾರೆ. ಆ ನಾಲಿಗೆ ಮತ್ತು ಆ ಅರ್ಧ ಸೆಕೆಂಡು ನನ್ನ ಮನಸ್ಸಿನಲ್ಲಿ ಅಕ್ಕಪಕ್ಕ ಇವೆ.

ಕಳೆದ ದೀಪಾವಳಿಗೆ ಅಕ್ಕನ ಮಗ ತನ್ನದೇ ಕೀಲಿ ಮಾಡಿಕೊಂಡ. 80 ಅಕ್ಷರದ ಸಾಲು ಕಳಿಸಿದ, ನಾನು ಔರಾದಿನ ಫೈಲಿನಲ್ಲಿ ನನ್ನ ಸಾಲಿನ ಕೆಳಗೆ ಅದನ್ನು ಸೇರಿಸಿದೆ. ರಾತ್ರಿ ಭಾಲ್ಕಿಯಿಂದ ಫೋನು ಬಂತು.

‘ಮಾಮಾ, ಇದು ಗುರುತಿಲ್ಲದ ಯಂತ್ರ, ಮುಂದ ಹೋಗ್ಲ್ಯಾ ಅಂತ ಕೇಳ್ಲತ್ತದ. ಎಸ್ ಅಂತ ಹೊಡೀಲ್ಯಾ?’

‘ತಡಿ. ಅದರ ಬೆರಳಚ್ಚು ತೋರಿಸ್ಯಾದ ನೋಡು. ಒಂದೊಂದೇ ಅಕ್ಷರ ಓದು.’

ಮೊದಲ ಭೇಟಿಯಲ್ಲಿ ಸರ್ವರ್ ತನ್ನ ಬೆರಳಚ್ಚು ಹೇಳುತ್ತದೆ, 43 ಅಕ್ಷರ. ನಡುವೆ ಬೇರೊಬ್ಬರು ಔರಾದಿನ ವೇಷ ಹಾಕಿ ನಿಂತಿಲ್ಲ ಎಂದು ಖಾತ್ರಿಯಾಗುವುದು ಅದನ್ನು ತಾಳೆ ನೋಡಿದಾಗ ಮಾತ್ರ. ಕಾಕಾನ ಮನೆಯಲ್ಲಿ ಆ ಪೆಟ್ಟಿಗೆಯ ಎದುರು ಕೂತು ಬರೆದುಕೊಂಡು ಬಂದ ಚೀಟಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ತೆಗೆದು ಹಿಡಿದೆ. ಅವನು ಅಲ್ಲಿ ಓದುತ್ತ ಹೋದ, ನಾನು ಇಲ್ಲಿ ಬೆರಳಿಟ್ಟು ಸರಿಸುತ್ತ ಹೋದೆ. ದೊಡ್ಡ ಕೆ, ಸಣ್ಣ ಎಂ, ಏಳು, ದೊಡ್ಡ ಟಿ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು, ‘ಏನ್ ಮಂತ್ರ ಹೇಳ್ಲತ್ತೀರಿ ಇಬ್ರೂ?’ ಯಾರೂ ಉತ್ತರಿಸಲಿಲ್ಲ, ಅಕ್ಷರ ತಪ್ಪಿಹೋದೀತೆಂದು. ಕೊನೆಯ ಅಕ್ಷರವೂ ಕೂಡಿಬಂತು.

‘ಈಗ ಹೊಡಿ,’ ಅಂದೆ.

ಕೀಲಿ ಒತ್ತಿದ ಸದ್ದು ಫೋನಿನಲ್ಲೇ ಕೇಳಿಸಿತು. ಸ್ವಲ್ಪ ಹೊತ್ತು ಮೌನ. ಆಮೇಲೆ ಅವನ ಕಂಪ್ಯೂಟರಿನಿಂದ ಬೀಸುಕಲ್ಲಿನ ಗರಗರ, ಅದರ ಮೇಲೆ ತೇಲಿ ಬಂದ ಕಾಕಿಯ ದನಿ. ಅಕ್ಕ ಪಾತ್ರೆ ತೊಳೆಯುತ್ತಿದ್ದ ಸದ್ದು ಅಲ್ಲಿಗೇ ನಿಂತಿತು.