ತಳೇಗಾಂವದ ಗುಂಡೋಪಂತ

ನಮ್ಮ ನಾಯಿಯ ಹೆಸರು ಗುಂಡ. ಹನ್ನೊಂದು ವರ್ಷಗಳ ಹಿಂದೆ ತಳೇಗಾಂವ ಸ್ಟೇಷನ್ನಿನ ಹೊರಗೆ, ವಡಾಪಾವ್ ಗಾಡಿಯ ಕೆಳಗೆ ಸಿಕ್ಕ ಮರಿ. ಹೊಟ್ಟೆ ಮಾತ್ರ ಚೆಂಡಿನ ಹಾಗೆ ದುಂಡಗಿತ್ತು, ಉಳಿದದ್ದೆಲ್ಲ ಎಲುಬು. ನಮ್ಮವರು ಅದನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದು, "ನೋಡು, ಗುಂಡ್ಯಾ ಬಂದಾನ" ಎಂದರು. ನಾಮಕರಣ ಅಲ್ಲಿಗೇ ಮುಗಿಯಿತು. ಮರಾಠಿಯಲ್ಲಿ 'ಗುಂಡ' ಎಂದರೆ ರೌಡಿ. ಇಬ್ಬರಿಗೂ ಗೊತ್ತಿದ್ದ ಈ ಸಂಗತಿ ಆ ಹೊತ್ತಿಗೆ ನೆನಪಾಗಲಿಲ್ಲ. ಮರುದಿನ ನಾನು ಗೇಟಿನಲ್ಲಿ ನಿಂತು "ಗುಂಡಾ, ಏ ಗುಂಡಾ" ಎಂದು ಕೂಗಿದಾಗ ಎದುರು ಮನೆಯ ಕಾಕೂ ಕಿಟಕಿ ಮುಚ್ಚಿಕೊಂಡರು. ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ತಾವೇ ಹೆಸರನ್ನು ತಿದ್ದಿ 'ಗುಂಡೋಪಂತ' ಮಾಡಿದರು. ಅದು ಇಲ್ಲಿನ ಹಳೆಯ ಕಾಲದ ಗೌರವಸ್ಥರ ಹೆಸರು. ಅಂದಿನಿಂದ ನಮ್ಮ ನಾಯಿ ಮನೆಯೊಳಗೆ ಗುಂಡ, ಗೇಟಿನಾಚೆ ಗುಂಡೋಪಂತ.

ಮುಂಬಯಿ–ಪುಣೆ ನಡುವೆ ರೈಲಿನಲ್ಲಿ ಓಡಾಡುವವರು ತಳೇಗಾಂವ ಎಂಬ ಹಲಗೆಯನ್ನು ನೋಡಿರುತ್ತೀರಿ, ಇಳಿದಿರುವುದಿಲ್ಲ. ಪುಣೆಯಿಂದ ಲೋಣಾವಳೆ ಲೋಕಲ್ ಹತ್ತಿದರೆ ಐವತ್ತು ನಿಮಿಷದ ಆಸುಪಾಸು. ಮಾವಳ ತಾಲ್ಲೂಕಿನ ಊರು. ಪುಣೆಗಿಂತ ಸ್ವಲ್ಪ ಎತ್ತರದಲ್ಲಿದೆ, ಗಾಳಿ ಒಳ್ಳೆಯದು. ಹಿಂದೆ ದೊಡ್ಡ ಊರಿನವರು ಹವಾ ಬದಲಾವಣೆಗೆಂದು ಇಲ್ಲಿಗೆ ಬರುತ್ತಿದ್ದರಂತೆ. ಮರಾಠಿಯಲ್ಲಿ 'ತಳೆ' ಎಂದರೆ ಕೆರೆ. ಹಾಗಾಗಿ ತಳೇಗಾಂವ ಎಂದರೆ ನಮ್ಮ ಭಾಷೆಯಲ್ಲಿ ಕೆರೆಹಳ್ಳಿ. ದಾಭಾಡೆ ಎನ್ನುವುದು ಊರನ್ನು ಆಳಿದ ಮನೆತನದ ಹೆಸರು. ನಾವು ಬಂದದ್ದು ಗಾಳಿಗೂ ಅಲ್ಲ, ಇತಿಹಾಸಕ್ಕೂ ಅಲ್ಲ. ಚಿಂಚವಡದ ಕಾರ್ಖಾನೆಯಲ್ಲಿ ನಮ್ಮವರಿಗೆ ನೌಕರಿ; ಅಲ್ಲಿ ಕೊಳ್ಳಲಾಗದ ಮನೆ ಇಲ್ಲಿ ಕೊಳ್ಳುವ ದರದಲ್ಲಿತ್ತು. ಅಷ್ಟೇ ಕಾರಣ. ಚಿಂಚವಡ, ಆಕುರ್ಡಿ, ದೇಹೂ ರೋಡ್, ಬೇಗಡೇವಾಡಿ, ಘೋರಾವಾಡಿ, ಆಮೇಲೆ ನಮ್ಮೂರು. ನಿವೃತ್ತಿಯಾಗುವ ತನಕ ಸಂಜೆಯ ಲೋಕಲ್ ಹಾರ್ನ್ ಕೇಳಿದರೆ ಗುಂಡ ಗೇಟಿಗೆ ಹೋಗಿ ಕೂಡುತ್ತಿದ್ದ. ನಿವೃತ್ತಿಯಾಗಿ ಐದು ವರ್ಷವಾದರೂ ಅದೇ ಹಾರ್ನಿಗೆ ಕಿವಿ ನಿಮಿರಿಸುತ್ತಾನೆ. ನಂತರ ಹಾಲ್‌ನಲ್ಲಿ ಪೇಪರ್ ಓದುತ್ತಿರುವ ಮನುಷ್ಯನನ್ನು ನೋಡಿ ಗೊಂದಲಕ್ಕೆ ಬೀಳುತ್ತಾನೆ.

ಈ ನಾಯಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಬೀದಿಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ತಿಳಿಯುವ ಜೀವ ಇವನೊಂದೇ. "ಬಾ", "ನಡಿ", "ಕುಂಡ್ರು", "ಸುಮ್ನಿರು" ಎಲ್ಲ ತಿಳಿಯುತ್ತದೆ. "ಊಟಾ" ಎಂದು ಫೋನಿನಲ್ಲಿ ಯಾರಿಗಾದರೂ ಹೇಳಿದರೂ ಅಡುಗೆಮನೆಗೆ ಬಂದು ನಿಲ್ಲುತ್ತಾನೆ. ಕಾವಲುಗಾರ "ಬಸ್" ಎಂದರೆ ಅವನ ಮುಖ ನೋಡುತ್ತಾನೆ, ನಂತರ ನಮ್ಮ ಮುಖ. ಅನುವಾದ ಬೇಕು. ಬೆಂಗಳೂರಿನಲ್ಲಿರುವ ನಮ್ಮ ಮೊಮ್ಮಗಳು ಕನ್ನಡವನ್ನು ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಗುಂಡ ಉತ್ತರಿಸುವುದಿಲ್ಲ, ಆದರೆ ಹೇಳಿದ್ದನ್ನು ಮಾಡುತ್ತಾನೆ.

ಈ ವರ್ಷ ನಮಗೆ ಸುಲಭದ್ದಾಗಿರಲಿಲ್ಲ. 2025ರ ಜೂನ್ 15, ಭಾನುವಾರ. ಇಲ್ಲೇ ಹತ್ತಿರದ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಜನರ ಸಮೇತ ಕುಸಿಯಿತು. ನಾಲ್ಕು ಜನ ತೀರಿಕೊಂಡರು, ಗಾಯಗೊಂಡವರು ಬಹಳ. ಬಂಡೆಗಳಲ್ಲಿ ನೀರು ಕೊರೆದ ಕುಂಡಗಳನ್ನು ನೋಡಲು ಮಳೆಗಾಲದ ಭಾನುವಾರ ಅಲ್ಲಿ ಜನಜಾತ್ರೆ. ಗುಂಡ ಪ್ರಾಯದವನಾಗಿದ್ದಾಗ ನಾವೂ ಅವನನ್ನು ಕರೆದುಕೊಂಡು ಹೋದವರೇ. ಟೀವಿ ನೋಡಿದ ಮಗ ಗಾಬರಿಯಿಂದ ಫೋನ್ ಮಾಡಿದ. ನಾವು ಮನೆಯಲ್ಲೇ ಇದ್ದೆವು, ಮೆಂತ್ಯೆ ಸೊಪ್ಪು ಸೋಸುತ್ತಿದ್ದೆವು. ಆದರೆ ಅವನ ಹೆದರಿಕೆ ಆ ದಿನ ಶುರುವಾಯಿತು. ಜುಲೈಯಲ್ಲಿ ಅದಕ್ಕೆ ಕಾರಣವೂ ಸಿಕ್ಕಿತು. ಒಂದು ಬೆಳಿಗ್ಗೆ ನಮ್ಮವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮೂರು ಕಡೆ ಅಡ್ಡಿ, ಬೈಪಾಸ್. ಮಗ ಬಂದ, ಹದಿನೈದು ದಿನ ಇದ್ದ, ಹೋಗುವಾಗ ಹೇಳಿದ: "ಅಪ್ಪಾ, ಸಾಕು ಇಲ್ಲಿ. ದೀಪಾವಳಿಯೊಳಗ ಮನಿ ಮಾರಿ ಬೆಂಗಳೂರಿಗೆ ಬಂದ್ಬಿಡ್ರಿ."

ಅವನ ಮನೆ ಹದಿನಾಲ್ಕನೆಯ ಮಹಡಿಯಲ್ಲಿದೆ. ನಾಯಿಗಳು ಸರ್ವಿಸ್ ಲಿಫ್ಟಿನಲ್ಲಿ ಮಾತ್ರ ಹೋಗಬೇಕು. ಗುಂಡ ಲಿಫ್ಟನ್ನು ಕಂಡವನಲ್ಲ, ಜೊತೆಗೆ ಹಿಂಗಾಲುಗಳಲ್ಲಿ ವಾತ. ಮಗನಿಗೂ ಇದು ಗೊತ್ತು. "ಯಾರಾದ್ರೂ ಒಳ್ಳೇವ್ರಿಗೆ ಕೊಟ್ಟು ಬರ್ರಿ" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನು ಹಾಸ್ಟೆಲಿಗೆ ಹೋದ ವರ್ಷವೇ ಗುಂಡ ಈ ಮನೆಗೆ ಬಂದದ್ದು. ಇಬ್ಬರೂ ಒಂದೇ ಸೂರಿನಡಿ ಹೆಚ್ಚು ದಿನ ಇದ್ದವರಲ್ಲ. ನಮ್ಮವರು ಏನೂ ಅನ್ನಲಿಲ್ಲ. ಡಾಕ್ಟರು ಕೊಟ್ಟ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದರು. ಮೊದಲ ವಾರ ಐದು ನಿಮಿಷ ನಡಿಗೆ, ಆಮೇಲೆ ಹತ್ತು, ಹೀಗೆ ಏರುತ್ತ ನಲವತ್ತು ನಿಮಿಷ.

ಶ್ರಾವಣದ ಮಳೆಯಲ್ಲಿ ಆ ನಡಿಗೆಯೆಲ್ಲ ಹಾಲಿನಿಂದ ಬಾಲ್ಕನಿಗೆ. ಮಾವಳದ ಮಳೆ ನಿಮಗೆ ಗೊತ್ತಿರಬಹುದು. ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರಾಡುತ್ತದೆ. ಗಣಪತಿ ಹೋಗುವ ಹೊತ್ತಿಗೆ ಮಳೆ ಸ್ವಲ್ಪ ಕೈ ಬಿಟ್ಟಿತು. ವಿಸರ್ಜನೆಯ ಡೋಲು, ಡೀಜೆ ಮುಗಿಯುವ ತನಕ ಗುಂಡ ಮಂಚದ ಕೆಳಗಿದ್ದ. ಮರುದಿನ ಬೆಳಿಗ್ಗೆ ಅವನೂ ಹೊರಗೆ ಬಂದ, ನಮ್ಮವರೂ ಹೊರಗೆ ಬಂದರು. ನನಗೆ ಶರದೃತು ಶುರುವಾದದ್ದು ಆ ದಿನ.

ಮೊದಲೆಲ್ಲ ಗುಂಡ ಮುಂದೆ, ಸರಪಳಿ ಬಿಗಿ, ನಮ್ಮವರು ಹಿಂದೆ ಓಡುತ್ತ "ಏ ಮಗನ, ನಿಲ್ಲೋ". ಈಗ ಇಬ್ಬರ ಹೆಜ್ಜೆಯೂ ಒಂದೇ. ಇವರಿಗೆ ಏರು ಬಂದರೆ ದಮ್ಮು, ಅವನಿಗೆ ಏರು ಬಂದರೆ ಕಾಲು ನೋವು. ಒಬ್ಬರು ನಿಂತರೆ ಇನ್ನೊಬ್ಬರಿಗೆ ನೆಪ. "ಅವಂಗ ಸಾಕಾಗೇದ" ಎನ್ನುತ್ತಾರೆ ಇವರು, ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು. ನಾನು ನೀರಿನ ಬಾಟಲಿ ಹಿಡಿದು ಹಿಂದೆ. ಮನೆಗೆ ಬಂದ ಮೇಲೆ ವರಾಂಡದಲ್ಲಿ ಕೂತು ಗುಂಡನ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕುವುದು ನನ್ನ ಕೆಲಸ. ಮಳೆ ನಿಂತ ಮೇಲೆ ಹುಲ್ಲಿನಲ್ಲಿ ಅವುಗಳ ಸುಗ್ಗಿ. ಉಣ್ಣಿಜ್ವರ ಬಂದರೆ ವಯಸ್ಸಾದ ನಾಯಿ ಏಳುವುದು ಕಷ್ಟ. ಇವರ ಗುಳಿಗೆಯ ಡಬ್ಬಿಯ ಪಕ್ಕ ಅವನ ಗುಳಿಗೆಯ ಡಬ್ಬಿ. ಎರಡರ ಮೇಲೂ ದಪ್ಪ ಅಕ್ಷರದಲ್ಲಿ ಹೆಸರು ಬರೆದಿದ್ದೇನೆ, ಯಾಕೆಂದರೆ ಒಮ್ಮೆ ಅದಲು ಬದಲಾಗುವುದರಲ್ಲಿತ್ತು.

ಪಿತೃಪಕ್ಷ ಬಂತು. ಈ ಹದಿನೈದು ದಿನ ಊರಿನಲ್ಲಿ ಗುಂಡೋಪಂತನ ಅಂತಸ್ತು ಏರುತ್ತದೆ. ಶ್ರಾದ್ಧದ ಎಡೆಯಲ್ಲಿ ಕಾಗೆಗೆ, ಹಸುವಿಗೆ, ನಾಯಿಗೆ ಪಾಲು. ಕಾಗೆಗಾಗಿ ಜನ ಮಾಳಿಗೆಯ ಮೇಲೆ ತಾಸುಗಟ್ಟಲೆ ಕಾಯುತ್ತಾರೆ, ನಾಯಿ ಕರೆಯುವ ಮೊದಲೇ ಬಂದಿರುತ್ತದೆ. ಎದುರು ಮನೆಯ ಕಾಕೂ ಎಲೆಯಲ್ಲಿ ವಡೆ, ಖೀರು ತಂದು "ಘ್ಯಾ ಗುಂಡೋಪಂತ" ಎಂದು ಕೈ ಮುಗಿಯುತ್ತಾರೆ. ವಡೆ ನಾಯಿಗೂ ಒಳ್ಳೆಯದಲ್ಲ, ಹೃದ್ರೋಗಿಗೂ ಅಲ್ಲ. ಒಬ್ಬನ ವಡೆಯನ್ನು ನಾನು ಕಿತ್ತುಕೊಳ್ಳುವಾಗ ಇನ್ನೊಬ್ಬರು ಅದನ್ನೇ ನೋಡುತ್ತಿದ್ದರು.

ಹತ್ತು ನಿಮಿಷ ಇಪ್ಪತ್ತಾಯಿತು, ಮೂವತ್ತಾಯಿತು. ಬಯಲಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ ಸೋನಕಿಯ ಹಳದಿ ಹೂ ಹಾಸಿತ್ತು. ಮಳೆಗಾಲವೆಲ್ಲ ಮೋಡದೊಳಗಿದ್ದ ಗುಡ್ಡಗಳು ಪಶ್ಚಿಮಕ್ಕೆ ಒಂದೊಂದಾಗಿ ಕಾಣತೊಡಗಿದವು. ಕೋಟೆಗಳ ಬಗ್ಗೆ ಬರೆದ ಮರಾಠಿ ಲೇಖಕ ಗೋ. ನೀ. ದಾಂಡೇಕರ್ ಈ ಊರಿನಲ್ಲೇ ಇದ್ದವರು. ಲೋಹಗಡ, ವಿಸಾಪುರ ಇಷ್ಟು ಹತ್ತಿರವಿದ್ದರೆ ಯಾರಾದರೂ ಬರೆಯಲೇಬೇಕು ಅನ್ನಿಸುತ್ತದೆ. ನವರಾತ್ರಿಯ ಒಂದು ಬೆಳಿಗ್ಗೆ ಇವರು ಮಾಮೂಲಿ ತಿರುವಿನಲ್ಲಿ ತಿರುಗಲಿಲ್ಲ. "ಕೆರೀತನಕ ಹೋಗೂಣು" ಎಂದರು. ನಮ್ಮ ಮನೆ ಇರುವುದು ಸ್ಟೇಷನ್ ಭಾಗದಲ್ಲಿ, ಕೆರೆ ಇರುವುದು ಹಳೆ ಊರಿನ ಕಡೆ. ಶಸ್ತ್ರಚಿಕಿತ್ಸೆಯ ನಂತರ ಅಷ್ಟು ದೂರ ಹೋಗಿರಲಿಲ್ಲ. ನಾನು ಬೇಡ ಎನ್ನಲಿಲ್ಲ. ಎರಡು ಸಲ ಕೂತು, ಒಂದು ಸಲ ಚಹಾ ಕುಡಿದು ಮುಟ್ಟಿದೆವು. ಗುಂಡ ನೀರಿನಂಚಿಗೆ ಹೋಗಿ ಮಲಗಿಬಿಟ್ಟ.

ಅಲ್ಲಿ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಮಾತಿಗೆ ಸಿಕ್ಕಿದರು. ಈ ಊರಿನ ಹಿರಿಯರಿಗೆ ಹೊರಗಿನವರು ಸಿಕ್ಕರೆ ಎರಡು ಕಥೆ ಹೇಳದೆ ಬಿಡುವುದಿಲ್ಲ. ಒಂದು ದಾಭಾಡೆಯವರದು. ಖಂಡೇರಾವ್ ದಾಭಾಡೆಯವರನ್ನು ಛತ್ರಪತಿ ಶಾಹು ಸೇನಾಪತಿ ಮಾಡಿದ್ದು 1717ರಲ್ಲಿ. ಅವರ ಮಗ ತ್ರ್ಯಂಬಕರಾವ್ 1731ರಲ್ಲಿ ಡಭೋಯಿ ಯುದ್ಧದಲ್ಲಿ ಬಾಜೀರಾಯನ ಸೈನ್ಯದೆದುರು ಸತ್ತರು. ಆಮೇಲೆ ಮನೆತನವನ್ನೂ ಸೈನ್ಯವನ್ನೂ ಹಿಡಿದು ನಿಂತದ್ದು ಖಂಡೇರಾವ್‌ರ ಹೆಂಡತಿ ಉಮಾಬಾಯಿ. ಇನ್ನೊಂದು ಪೈಸಾ ಫಂಡ್ ಕಥೆ. ಅಂತಾಜಿ ದಾಮೋದರ ಕಾಳೆ ಎಂಬವರು ಜನರಿಂದ ಒಂದೊಂದು ಪೈಸೆ ಕೂಡಿಸಿದರು, ತಿಲಕರು ಬೆಂಬಲಕ್ಕೆ ನಿಂತರು, 1908ರಲ್ಲಿ ಆ ಹಣದಿಂದ ಇಲ್ಲಿ ಗಾಜಿನ ಕಾರ್ಖಾನೆ ಆಯಿತು. ಇಷ್ಟು ಹೇಳಿ ಹಿರಿಯರು ಕೇಳಿದರು, "ನೀವು ಎಲ್ಲಿಯವರು?" ಇಷ್ಟು ವರ್ಷ ಈ ಪ್ರಶ್ನೆಗೆ ಇವರ ಉತ್ತರ ಒಂದೇ: "ಧಾರವಾಡ ಜಿಲ್ಲಾ, ನವಲಗುಂದ." ಆ ದಿನ "ಸ್ಟೇಷನ್ ಕಡೆಯವರು" ಎಂದರು. ನಾನು ಇವರ ಮುಖ ನೋಡಿದೆ. ಇವರು ಗುಂಡನ ಮುಖ ನೋಡುತ್ತಿದ್ದರು.

ವಾಪಸು ನಡೆಯುವ ಶಕ್ತಿ ಇಬ್ಬರಲ್ಲಿಯೂ ಇರಲಿಲ್ಲ. ರಿಕ್ಷಾದವನು ನಾಯಿಯನ್ನು ನೋಡಿ ತಲೆಯಾಡಿಸಿದ, ನಂತರ "ಅರೆ, ಗುಂಡೋಪಂತ!" ಎಂದು ಹತ್ತಿಸಿಕೊಂಡ. ನಮ್ಮ ಹೆಸರು ಅವನಿಗೆ ಇಂದಿಗೂ ಗೊತ್ತಿಲ್ಲ.

ದಸರೆಯ ದಿನ ಕಾಕೂ ಆಪಟೆಯ ಎಲೆ ತಂದು ಕೈಯಲ್ಲಿಟ್ಟು "ಸೋನೆ" ಎಂದರು. ನಾವು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದೆವು. ಮರ ಬೇರೆ, ಮಾತು ಬೇರೆ, ಬಂಗಾರ ಒಂದೇ. ನಾಲ್ಕು ದಿನಕ್ಕೆ ಸೀಗಿ ಹುಣ್ಣಿಮೆ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತೆನೆ ಕಟ್ಟಿದ ಭೂಮಿ ಬಸುರಿ, ಅವಳಿಗೆ ಬಯಕೆಯೂಟ. ಹೊಲಕ್ಕೆ ಬುತ್ತಿ ಒಯ್ದು, ಕೂಗಿಕೊಂಡು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು. ಮಾವ ತೀರಿದ ಮೇಲೆ ನವಲಗುಂದದ ಹೊಲ ಪಾಲಾಗಿ, ಮಾರಾಟವಾಗಿ ಇಪ್ಪತ್ತು ವರ್ಷ. ಅಂದಿನಿಂದ ನಾವು ಚರಗ ಚೆಲ್ಲಿರಲಿಲ್ಲ. ಈ ಸಲ ಇವರೇ ಎತ್ತಿದರು: "ಕಡಬು ಮಾಡ್ತೀಯೇನು? ಅಕ್ಕಿಯವನ ಗದ್ದಿಗೆ ಹೋಗಿ ಬರೂಣು."

ಅಕ್ಕಿಯವನೆಂದರೆ ವಡಗಾಂವದ ಕಡೆಯ ರೈತ. ಹದಿನೈದು ವರ್ಷದಿಂದ ನಮಗೆ ಇಂದ್ರಾಯಣಿ ಅಕ್ಕಿ ಕೊಡುವವನು. ಇದು ಇಲ್ಲಿಯದೇ ತಳಿ. ವಡಗಾಂವ ಮಾವಳದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆಂಬೇಮೋಹರ ಭತ್ತದಿಂದ ತಯಾರಾಗಿ 1987ರಲ್ಲಿ ಬಂದದ್ದು. ಕುದಿಯುವಾಗ ಮನೆಯೆಲ್ಲ ಘಮ ಘಮ. ಆದರೆ ಅನ್ನ ಅಂಟು. ಬಂದ ಹೊಸದರಲ್ಲಿ ನಾನು ಮುಖ ಸಿಂಡರಿಸಿದ್ದೆ, ಉದುರುದುರಾಗಿ ಇಲ್ಲದ ಅನ್ನಕ್ಕೆ ಸಾರು ಹೇಗೆ ಹಾಕುವುದು ಎಂದು. ಈಗ ಬೇರೆ ಅಕ್ಕಿ ಸಪ್ಪೆ ಎನಿಸುತ್ತದೆ. ರೈತನಿಗೆ ಫೋನಿನಲ್ಲಿ ಕೇಳಿದರೆ, "ಗದ್ದೆಗೆ ಊಟ ಹಾಕುವುದಕ್ಕೆ ಅಪ್ಪಣೆ ಯಾಕೆ?" ಎಂದ ಮರಾಠಿಯಲ್ಲಿ.

ಕಡಬು, ಪುಂಡಿಪಲ್ಯ (ಇಲ್ಲಿ ಅಂಬಾಡಿ ಅನ್ನುತ್ತಾರೆ), ಸಜ್ಜಿರೊಟ್ಟಿ, ಮೊಸರನ್ನ ಕಟ್ಟಿಕೊಂಡು ಹೋದೆವು. ತೆನೆ ಹಾಲು ತುಂಬಿ ಆಗಷ್ಟೇ ಬಾಗುತ್ತಿತ್ತು. ಬದುವಿನ ಮೇಲೆ ಮುಂದೆ ರೈತ, ಹಿಂದೆ ಇವರು, ಗುಂಡ, ನಾನು. ಐದು ಕಲ್ಲಿಟ್ಟು ಅರಿಸಿನ ಕುಂಕುಮ ಹಚ್ಚಿ ಎಡೆ ಮಾಡಿದೆವು. ಇವರು ಚರಗದ ಬುಟ್ಟಿ ಹಿಡಿದು ನಿಂತರು, ಒಂದು ಕ್ಷಣ ಹಿಂಜರಿದರು, ಆಮೇಲೆ ಅವರಪ್ಪನ ಹಾಗೆಯೇ ಗಂಟಲೆತ್ತಿ ಕೂಗಿದರು. ಎದೆ ಸೀಳಿ ಹೊಲಿದು ಮೂರು ತಿಂಗಳೂ ಆಗದ ಮನುಷ್ಯನ ಕೂಗು ಅದು. ನನಗೆ ಹೆದರಿಕೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು. ರೈತ ಅರ್ಥವಾಗದಿದ್ದರೂ ಟೋಪಿ ತೆಗೆದ. ಗುಂಡ ಮಾತ್ರ ಕನ್ನಡ ತಿಳಿದವನಾದ್ದರಿಂದ ಇದು ಊಟದ ವಿಷಯವೆಂದು ಗುರುತಿಸಿ, ಪೂರ್ವ ದಿಕ್ಕಿಗೆ ಚೆಲ್ಲಿದ ಚರಗವನ್ನು ಬದುವಿನ ಮೇಲೆಯೇ ತಿಂದು ಮುಗಿಸಿದ.

ಅದೇ ಹುಣ್ಣಿಮೆ ಇಲ್ಲಿಯವರಿಗೆ ಕೋಜಾಗಿರಿ. ರಾತ್ರಿ ಕಾಕೂ ಮನೆಯ ಮಾಳಿಗೆಯ ಮೇಲೆ ಕೇಸರಿ ಬಾದಾಮಿಯ ಹಾಲು. ಇವರಿಗೆ ಅರ್ಧ ಲೋಟ, ಸಕ್ಕರೆ ಕಡಿಮೆ. ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದರು. "ಮನಿ ಮಾರೂದಿಲ್ಲಪ್ಪಾ. ಗುಂಡ ಇರೂತನಕ ಅಂತೂ ಇಲ್ಲ. ಆಮ್ಯಾಲ ನೋಡೂಣು." ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ನಂತರ ಅವನು ಕೇಳಿದ, "ನಿಮಗ ರಾತ್ರಿ ಏನರ ಆದ್ರ ಯಾರ್ ಅದಾರ ಅಲ್ಲಿ?" ನ್ಯಾಯವಾದ ಪ್ರಶ್ನೆ. ಇವರು ಮಾಳಿಗೆಯನ್ನು ಸುತ್ತ ನೋಡಿದರು. ಕಾಕೂ ಹಾಲು ಹಂಚುತ್ತಿದ್ದರು. ಜುಲೈಯ ಆ ಬೆಳಿಗ್ಗೆ ಕಾರು ತೆಗೆದವನು ಅವರ ಮಗನೇ. "ಅದಾರೋ" ಎಂದರು.

ಮಗ ಒಪ್ಪಿದನೋ ಇಲ್ಲವೋ ತಿಳಿಯದು. ದೀಪಾವಳಿಗೆ ತಾನೇ ಬರುತ್ತೇನೆ ಎಂದಿದ್ದಾನೆ, ಹೆಂಡತಿ ಮಗಳನ್ನು ಕರೆದುಕೊಂಡು. ಪಟಾಕಿ ಶುರುವಾಗುವ ಮೊದಲೇ ಗುಂಡನಿಗಾಗಿ ಮಂಚದ ಕೆಳಗೆ ಕಂಬಳಿ ಹಾಸಬೇಕು. ನಾಳೆ ಬೆಳಿಗ್ಗೆ ನಲವತ್ತು ನಿಮಿಷ.