ಗಿಡಕ್ಕೊಂದು ಪಾಸ್‌ಬುಕ್

ಜೂನ್ ತಿಂಗಳು ಬಂತೆಂದರೆ ಗಿಡ ನೆಡುವವರಿಗೆ ಬರವಿಲ್ಲ. ಜೂನ್ 5ಕ್ಕೆ ಪರಿಸರ ದಿನ, ಜುಲೈನಲ್ಲಿ ವನಮಹೋತ್ಸವ. 1950ರಲ್ಲಿ ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ಇಂದಿಗೂ ನಡೆದುಕೊಂಡು ಬಂದಿದೆ. ಬಹಳ ಸಂತೋಷ. ಆದರೆ ಮಕ್ಕಳೇ, ನಿಮಗೊಂದು ಪ್ರಶ್ನೆ. ಜೂನ್‌ನಲ್ಲಿ ನೀವು ನೆಟ್ಟ ಗಿಡವನ್ನು ಡಿಸೆಂಬರ್‌ನಲ್ಲಿ ಹೋಗಿ ನೋಡಿದ್ದೀರಾ?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಬಿ.ಕಾಂ., ಸಸ್ಯಶಾಸ್ತ್ರವಲ್ಲ. ನಿವೃತ್ತಿಯಾದ ಮೇಲೂ ಲೆಕ್ಕ ಬರೆಯುವ ಚಟ ಮಾತ್ರ ಹೋಗಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಆರು ವರ್ಷದ ಹಿಂದೆ ಹೊಂಗೆ, ಬೇವು, ನೇರಳೆ ಎಂದು ಏಳು ಸಸಿಗಳನ್ನು ನೆಟ್ಟೆವು. ಹಳೆಯ ಡೈರಿಯಲ್ಲಿ ಒಂದೊಂದಕ್ಕೂ ಒಂದೊಂದು ಪುಟ ತೆಗೆದಿಟ್ಟೆ. ಯಾವತ್ತು ನೀರು ಹಾಕಿದೆವು, ಯಾವತ್ತು ಹೊಸ ಚಿಗುರು ಬಂತು, ಎಲ್ಲ ಅದರಲ್ಲಿದೆ. ಮೊಮ್ಮಗಳು ಅದಕ್ಕೆ ‘ಗಿಡದ ಪಾಸ್‌ಬುಕ್’ ಎಂದು ಹೆಸರಿಟ್ಟಳು. ಏಳರಲ್ಲಿ ಒಂದನ್ನು ಹಸು ಮೇಯ್ದಿತು, ಇನ್ನೊಂದರ ಮೇಲೆ ಯಾರದೋ ಕಾರು ಹಿಂದಕ್ಕೆ ಬಂತು. ಉಳಿದ ಐದೂ ಈಗ ನನಗಿಂತ ಎತ್ತರ.

ಆ ಪುಸ್ತಕ ತಿರುವಿ ಹಾಕಿದರೆ ಒಂದು ಸಂಗತಿ ಕಾಣುತ್ತದೆ. ಮಳೆಗಾಲದಲ್ಲಿ ನಾವು ಗಿಡಕ್ಕೆ ಮಾಡಿದ್ದು ಅಷ್ಟಕ್ಕಷ್ಟೇ. ಅವನ್ನು ಉಳಿಸಿದ್ದು ಚಳಿಗಾಲದ ಆರೈಕೆ.

ಚಳಿಗಾಲ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಬೆಳಗ್ಗೆ ಎಲೆಯ ಮೇಲೆ ಇಬ್ಬನಿ ಮಿನುಗುತ್ತಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಗಿಡಕ್ಕೇನು ಕಷ್ಟ ಅನ್ನಿಸುತ್ತದೆ. ಆದರೆ ಹಿಂಗಾರು ನಿಂತ ಮೇಲೆ ನಮ್ಮ ಕಡೆ ತಿಂಗಳುಗಟ್ಟಲೆ ಹನಿ ಮಳೆ ಇರುವುದಿಲ್ಲ. ಒಣಗಾಳಿ ಮಣ್ಣಿನ ತೇವ ಎಳೆಯುತ್ತಲೇ ಇರುತ್ತದೆ. ಸಸಿಯ ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಇಬ್ಬನಿ ಆ ಬೇರಿನ ತನಕ ಹೋಗುವುದಿಲ್ಲ. ಸಂಶಯವಿದ್ದರೆ ಬುಡದ ಮಣ್ಣಿನೊಳಗೆ ಒಂದು ಗೇಣು ಉದ್ದದ ಕಡ್ಡಿ ಚುಚ್ಚಿ ತೆಗೆಯಿರಿ. ಕಡ್ಡಿಗೆ ಹಸಿ ಮಣ್ಣು ಅಂಟಿದ್ದರೆ ತೇವ ಇದೆ ಎಂದರ್ಥ. ಒಣಗಿ ಬಂದರೆ ನೀರು ಬೇಕು.

ನೀರು ಹಾಕುವುದಕ್ಕೂ ಒಂದು ಕ್ರಮವಿದೆ. ದಿನಾ ಒಂದು ಚೊಂಬು ಹಾಕಿದರೆ ಮೇಲಿನ ಮಣ್ಣಷ್ಟೇ ನೆನೆಯುತ್ತದೆ, ಬೇರೂ ಮೇಲೆಯೇ ಉಳಿಯುತ್ತದೆ. ಅದರ ಬದಲು ನಾಲ್ಕೈದು ದಿನಕ್ಕೊಮ್ಮೆ ಒಂದು ಬಕೆಟ್ ನೀರನ್ನು ನಿಧಾನವಾಗಿ ಇಂಗಿಸಿ. ನೀರು ಇಳಿದ ಕಡೆಗೆ ಬೇರೂ ಇಳಿಯುತ್ತದೆ. ಸುತ್ತ ಪಾತಿ ಮಾಡಿ ಒಣ ಎಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ. ಕಾಂಡಕ್ಕೆ ತಾಗಿದಂತೆ ಮಾತ್ರ ಎಲೆ ಒಟ್ಟಬೇಡಿ, ಬುಡ ಕೊಳೆತೀತು, ಗೆದ್ದಲು ಹತ್ತೀತು. ಒಂದು ಗೇಣು ಜಾಗ ಬಿಡಿ. ಊರುಗೋಲಿಗೆ ಕಟ್ಟಿದ ದಾರವನ್ನೂ ಒಮ್ಮೆ ನೋಡಿ. ಕಾಂಡ ದಪ್ಪವಾದಂತೆ ಅದು ಕುತ್ತಿಗೆ ಹಿಸುಕುತ್ತದೆ, ಸಡಿಲ ಮಾಡಬೇಕು.

ಹಿತ್ತಲಲ್ಲಿ ಫಸಲು ಬಿಡುವ ದೊಡ್ಡ ಮಾವಿನ ಮರವಿದ್ದರೆ ಲೆಕ್ಕ ತಿರುಗುಮುರುಗು. ಹೂ ಬಿಡುವ ಮುಂಚೆ ಅದಕ್ಕೆ ನೀರು ಹಾಕಬಾರದು. ಚಳಿ, ಒಣ ಮಣ್ಣು ಎರಡೂ ಸೇರಿದಾಗ ಮಾವು ಹೂವಿಗೆ ಸಿದ್ಧವಾಗುತ್ತದೆ. ಪ್ರೀತಿಯಿಂದ ನೀರುಣಿಸಿದರೆ ಹೂವಿನ ಬದಲು ಎಲೆ ಚಿಗುರುತ್ತದೆ! ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು ಕೊಡಿ. ಹೂ ಅರಳಿರುವಾಗ ಔಷಧಿ ಸಿಂಪಡಿಸಬೇಡಿ. ಕಾಯಿ ಕಚ್ಚಿಸುವ ನೊಣ, ಜೇನು ಅದರಿಂದ ಸಾಯುತ್ತವೆ.

ಈಗ ನಮ್ಮ ಬೀದಿಯ ದೊಡ್ಡ ಹೊಂಗೆಯ ವಿಚಾರ. ಇದು ನಾವು ನೆಟ್ಟದ್ದಲ್ಲ, ನಮಗಿಂತ ಮುಂಚೆ ಬಂದದ್ದು. ಎದುರು ಮನೆಯ ಮೇಷ್ಟ್ರು ನನ್ನ ಓರಗೆಯವರು, ದಿನಾ ಸಂಜೆ ಜೊತೆಯಲ್ಲೇ ನಡೆಯುವವರು. ಎರಡು ವರ್ಷದ ಹಿಂದೆ ಜನವರಿಯಲ್ಲಿ ಅವರ ಮನೆಯವರು ಗೇಟಿನ ಮುಂದೆ ಉದುರಿದ ಎಲೆಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು. ಮರುವಾರ ಮೇಷ್ಟ್ರು ಒಂದು ಅರ್ಜಿ ಬರೆದುಕೊಂಡು ಬಂದರು. “ಮರ ಒಣಗಿದೆ, ಒಂದೆಲೆಯೂ ಉಳಿದಿಲ್ಲ. ನಾಳೆ ಕೊಂಬೆ ಯಾರ ತಲೆಯ ಮೇಲಾದರೂ ಬೀಳುತ್ತೆ. ಕಡಿಸೋಣ, ನೀವೂ ಒಂದು ಸಹಿ ಹಾಕಿ” ಎಂದರು.

ಅವರ ನೋವು ಸುಳ್ಳಲ್ಲ. ಸಹಿ ಹಾಕದಿದ್ದರೆ ಸ್ನೇಹ ಕೆಡುತ್ತದೆ, ಹಾಕಿದರೆ ಮರ ಹೋಗುತ್ತದೆ. ನಾನು ಪೆನ್ನು ಹಿಡಿದು ಸುಮ್ಮನೆ ಕೂತೆ. ಆಗ ಮೊಮ್ಮಗಳು, “ತಾತ, ಸತ್ತಿದೆಯೋ ಇಲ್ಲವೋ ಉಗುರಲ್ಲಿ ಕೆರೆದು ನೋಡಬಹುದು, ನೀವೇ ಹೇಳಿಕೊಟ್ಟಿದ್ರಲ್ಲ” ಎಂದಳು. ಮೂವರೂ ಹೋದೆವು. ಬಗ್ಗಿದ ಒಂದು ಕೊಂಬೆಯ ತುದಿಯನ್ನು ಅವಳು ಮೆಲ್ಲಗೆ ಕೆರೆದಳು. ತೊಗಟೆಯ ಕೆಳಗೆ ಹಸಿರು!

ನಾನು ಮೇಷ್ಟ್ರಿಗೆ ನನ್ನ ಭಾಷೆಯಲ್ಲೇ ಹೇಳಿದೆ: “ಇದು ವರ್ಷಾಂತ್ಯದ ಲೆಕ್ಕ, ಸಾರ್. ನಮಗೆ ಮಾರ್ಚ್ 31, ಹೊಂಗೆಗೆ ಚಳಿಗಾಲ. ಎಲೆಯಲ್ಲಿದ್ದ ಸಾರದಲ್ಲಿ ಒಂದಷ್ಟನ್ನು ಒಳಗೆ ಜಮಾ ಮಾಡಿಕೊಂಡು, ಖಾಲಿ ಎಲೆ ಉದುರಿಸುತ್ತೆ. ನೀರಿನ ಖರ್ಚೂ ಉಳಿಯುತ್ತೆ. ಶಿವರಾತ್ರಿ ತನಕ ತಡೆಯಿರಿ. ಚಿಗುರದಿದ್ದರೆ ಮೊದಲ ಸಹಿ ನನ್ನದೇ. ಅಲ್ಲಿಯವರೆಗೆ ನಿಮ್ಮ ಗೇಟಿನ ಮುಂದೆ ದಿನಾ ಗುಡಿಸುವ ಕೆಲಸ ನಮ್ಮದು.” ಮರ ಕಡಿಯಲು 1976ರ ಕಾಯ್ದೆಯ ಪ್ರಕಾರ ಅನುಮತಿ ಬೇಕೆಂಬುದು ಅವರಿಗೂ ಗೊತ್ತಿತ್ತು. ಅರ್ಜಿ ಮಡಚಿ ಜೇಬಿಗಿಟ್ಟರು, ಹರಿಯಲಿಲ್ಲ.

ಶಾಲೆಗೆ ಹೋಗುವ ಮುಂಚೆ ಮೊಮ್ಮಗಳು, ನಾನು ಪೊರಕೆ ಹಿಡಿದೆವು. ಗುಡಿಸಿದ ಎಲೆಗೆ ಬೆಂಕಿ ಹಾಕಲಿಲ್ಲ. ಚಳಿಗಾಲದ ಬೆಳಗ್ಗೆ ಹೊಗೆ ಮೇಲೇರದೆ ಮನೆಯೊಳಗೇ ನುಗ್ಗುತ್ತದೆ. ಉಬ್ಬಸವಿರುವ ನನ್ನಂಥ ಮುದುಕರಿಗೆ ಅದು ಯಮಯಾತನೆ. ಎಲೆಯನ್ನೆಲ್ಲ ಚೀಲದಲ್ಲಿ ತುಂಬಿ ಐದು ಗಿಡಗಳ ಪಾತಿಗೆ ಹೊದಿಸಿದೆವು. ಹೊಂಗೆ ಎಲೆ ಒಳ್ಳೆಯ ಗೊಬ್ಬರ ಎಂಬುದು ನಮ್ಮ ರೈತರಿಗೆ ಹಿಂದಿನಿಂದಲೂ ಗೊತ್ತು.

ಶಿವರಾತ್ರಿಗೆ ನಾಲ್ಕು ದಿನ ಮುಂಚೆಯೇ ಮರ ತುಂಬ ಎಳೆ ಹಸಿರು ಬಂತು. ಮೇಷ್ಟ್ರು ಆ ವಿಷಯ ಎತ್ತಲೇ ಇಲ್ಲ. ಆದರೆ ಏಪ್ರಿಲ್‌ನ ಉರಿಬಿಸಿಲಲ್ಲಿ ತಮ್ಮ ಕುರ್ಚಿಯನ್ನು ಅದರ ನೆರಳಿಗೆ ತಂದು ಹಾಕಿಕೊಂಡರು. ನನಗೂ ಒಂದು ಕುರ್ಚಿ ತರಿಸಿದರು. ಕಳೆದ ಚಳಿಗಾಲದಲ್ಲಿ ಅವರ ಮನೆಯಿಂದಲೂ ಒಂದು ಪೊರಕೆ ಹೊರಗೆ ಬಂತು.

ಈ ವರ್ಷ ಡೈರಿಯನ್ನು ಮೊಮ್ಮಗಳಿಗೆ ಕೊಟ್ಟುಬಿಟ್ಟಿದ್ದೇನೆ. ಆ ನೇರಳೆ ಹಣ್ಣು ತಿನ್ನಲು ನಾನಿರುತ್ತೇನೋ ಇಲ್ಲವೋ, ಖಾತೆ ಮಾತ್ರ ನಿಲ್ಲಬಾರದು. ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಬರೆಯದ ಹಳೆಯ ಡೈರಿ ಇದ್ದೇ ಇರುತ್ತದೆ, ಮಕ್ಕಳ ಕೈಗೆ ಕೊಡಿ. ಮಕ್ಕಳೇ, ಈ ಸಂಕ್ರಾಂತಿಗೆ ಎಳ್ಳು ಬೀರಲು ಹೊರಟಾಗ ನಿಮ್ಮ ಬೀದಿಯ ಸಸಿಯ ಹತ್ತಿರ ಒಂದು ಗಳಿಗೆ ನಿಲ್ಲಿ. ಕಡ್ಡಿ ಚುಚ್ಚಿ ನೋಡಿ. ಒಣಗಿದ್ದರೆ ಒಂದು ಬಕೆಟ್ ನೀರು ಹಾಕಿ, ತಾರೀಖು ಬರೆದಿಡಿ.